ಅರವತ್ತೊಂದನೆಯ ಹೆಸರು

ಮದುವೆಯ ಮನೆಯಲ್ಲಿ ಊಟಕ್ಕೆ ಎಷ್ಟು ಎಲೆ ಬೀಳುವುದೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಕರೆದವರೆಲ್ಲ ಬರುವುದಿಲ್ಲ, ಬಂದವರೆಲ್ಲ ಕರೆದವರೂ ಆಗಿರುವುದಿಲ್ಲ. ಹಾಗೆಂದು ಅನುಭವಸ್ಥರಾದ ಅಡಿಗೆಯವರು ಕೈಕಟ್ಟಿ ಕೂಡುವುದಿಲ್ಲ. ಒಂದು ಅಂದಾಜಿನ ಮೇಲೆ ಒಲೆ ಹೂಡುತ್ತಾರೆ. ಪಂಕ್ತಿ ಬೆಳೆದಂತೆಲ್ಲ ಇನ್ನೊಂದು ಹಂಡೆಗೆ ಎಸರಿಡುತ್ತಾರೆ. ಬಂದವರಲ್ಲಿ ಒಬ್ಬರೂ ಹಸಿದು ಹೋಗಬಾರದೆಂಬುದೊಂದೇ ಅವರ ಲೆಕ್ಕದ ಮೂಲಸೂತ್ರ. ಕಂಪ್ಯೂಟರಿಗೆ ಕೆಲಸ ಹೇಳುವವರಿಗೂ ಇದೇ ಸೂತ್ರ ಬೇಕೆಂಬುದು ನನಗೆ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ.

ಕನ್ನಡ ಪಂಡಿತನಿಗೆ ಕಂಪ್ಯೂಟರಿನ ಗೊಡವೆ ಏಕೆ ಎಂದು ನೀವು ನಗಬಹುದು. ಇಂದಿನ ಶಾಲೆಯಲ್ಲಿ ಹಾಜರಿಯಿಂದ ಹಿಡಿದು ಅಂಕಪಟ್ಟಿಯವರೆಗೆ ಎಲ್ಲವೂ ಆ ಯಂತ್ರದ ಮೂಲಕವೇ ಹಾದುಹೋಗಬೇಕಾದ್ದರಿಂದ, ಅದರ ಭಾಷೆಯನ್ನು ನಾಲ್ಕು ಮಾತಿನಷ್ಟಾದರೂ ಕಲಿಯೋಣವೆಂದು ಹೊರಟೆ. ಒಂದು ತರಗತಿಯ ಮಕ್ಕಳ ಹೆಸರುಗಳನ್ನೂ ಅಂಕಗಳನ್ನೂ ಒಂದು ಫೈಲಿನಲ್ಲಿ ಬರೆದಿಟ್ಟು, ಅದನ್ನು ಓದಿ ವಿದ್ಯಾರ್ಥಿವೇತನಕ್ಕೆ ಅರ್ಹರಾದವರ ಪಟ್ಟಿಯನ್ನು ತೆಗೆದುಕೊಡುವ ಚಿಕ್ಕ ಪ್ರೋಗ್ರಾಮೊಂದನ್ನು ಬರೆದೆ. ಪ್ರೋಗ್ರಾಮು ಎಂದರೆ ಇಲ್ಲಿ ರೇಡಿಯೋ ಕಾರ್ಯಕ್ರಮವಲ್ಲ. ಯಂತ್ರವು ಒಂದಾದ ಮೇಲೊಂದರಂತೆ ಮಾಡಬೇಕಾದ ಕೆಲಸಗಳ ಆಜ್ಞಾಪತ್ರ. ತರಗತಿಯಲ್ಲಿದ್ದವರು ಅರವತ್ತು ಮಂದಿ. ಆದ್ದರಿಂದ ಅರವತ್ತು ಹೆಸರಿಗೆ ಸ್ಥಳ ಮಾಡಿ, ಅದು ತುಂಬಿದೊಡನೆ ಓದುವುದನ್ನು ನಿಲ್ಲಿಸಬೇಕೆಂದು ಬರೆದೆ. ಪಟ್ಟಿ ಸೊಗಸಾಗಿ ಬಂತು.

ದಸರೆಯ ರಜೆ ಕಳೆದ ಮೇಲೆ ಬೇರೆ ಊರಿನಿಂದ ಬಂದ ಹುಡುಗನೊಬ್ಬ ತರಗತಿಗೆ ಸೇರಿದ. ಅವನ ಹೆಸರು ಅಕಾರಾದಿಯಲ್ಲಿ ನಡುವೆ ಎಲ್ಲಿಯೋ ಕುಳಿತಿತು. ಅದರ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದುವು. ನಮ್ಮ ವರ್ಣಮಾಲೆಯಲ್ಲಿ ಹಕಾರದ ಸರದಿ ಬರುವುದು ಕೊನೆಯ ಹತ್ತಿರ ತಾನೆ? ಮುಂದಿನ ಸಲ ನಾನು ತರಗತಿಯಲ್ಲಿ ಪಟ್ಟಿಯನ್ನು ಓದಿ ಮುಗಿಸಿದಾಗ, ಹಕಾರದಿಂದ ಮೊದಲಾಗುವ ಹೆಸರಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನನ್ನ ಹೆಸರು ಓದಲೇ ಇಲ್ಲ" ಎಂದಳು. ಅರ್ಜಿ ಕಳುಹಿಸಲು ಮಾರನೆಯ ದಿನವೇ ಕೊನೆ. ಅವಳು ಸಂಕೋಚದ ಹುಡುಗಿಯಾಗಿದ್ದು ಬಾಯಿಬಿಡದೆ ಕುಳಿತಿದ್ದರೆ ಒಂದು ವರ್ಷದ ನೆರವು ಅವಳ ಕೈತಪ್ಪುತ್ತಿತ್ತು. ನನ್ನ ಎದೆ ಝಲ್ಲೆಂದದ್ದು ತಪ್ಪಾಯಿತೆಂಬುದಕ್ಕಲ್ಲ. ತಪ್ಪಾದರೂ ಯಂತ್ರ ಒಂದು ಮಾತನ್ನೂ ಆಡಲಿಲ್ಲವಲ್ಲ ಎಂಬುದಕ್ಕೆ. ಅದು ನಾನು ಹೇಳಿದಷ್ಟನ್ನೇ ಮಾಡಿತ್ತು.

ಹಾಗಾದರೆ ತಪ್ಪಿನ ಬೇರು ಎಲ್ಲಿತ್ತು? ಅದನ್ನು ತಿಳಿಯಬೇಕಾದರೆ ಯಂತ್ರವು ಸಂಗತಿಗಳನ್ನು ಹೇಗೆ ಇಟ್ಟುಕೊಳ್ಳುತ್ತದೆಂಬುದನ್ನು ಸ್ವಲ್ಪ ನೋಡಬೇಕು.

ಕಂಪ್ಯೂಟರಿನ ಮೆಮೊರಿಯೆಂಬುದು ಅಳಗುಳಿಮಣೆಯ ಗುಳಿಗಳಂತೆ ಸಾಲಾಗಿರುವ ಮನೆಗಳ ಒಂದು ದೊಡ್ಡ ಬೀದಿ. ಮನೆಯೊಂದೊಂದಕ್ಕೂ ಒಂದು ನಂಬರು. ಮನೆಯೊಂದೊಂದರಲ್ಲಿಯೂ ಒಂದೊಂದು ಬೈಟು ವಾಸ. ಒಂದೇ ಜಾತಿಯ ಹಲವು ವಸ್ತುಗಳನ್ನು ಈ ಬೀದಿಯಲ್ಲಿ ಒತ್ತೊತ್ತಾಗಿ ಇಟ್ಟರೆ ಅದಕ್ಕೆ ಅರೇ ಎಂದು ಹೆಸರು. ಒತ್ತಾಗಿ ಇಡುವುದರಿಂದ ದೊಡ್ಡದೊಂದು ಲಾಭವುಂಟು. ಒಂದು ಅಂಕಕ್ಕೆ ನಾಲ್ಕು ಬೈಟು ಬೇಕೆನ್ನೋಣ. ಸಾಲು ೧೦೦೦ನೆಯ ಮನೆಯಲ್ಲಿ ಮೊದಲಾಗುತ್ತದೆನ್ನೋಣ. ಮೂವತ್ತೇಳನೆಯ ಅಂಕ ಎಲ್ಲಿದೆ? ಅದಕ್ಕಿಂತ ಮೊದಲು ಮೂವತ್ತಾರು ಅಂಕಗಳಿವೆ. ಮೂವತ್ತಾರು ನಾಲ್ಕಲಿ ನೂರ ನಲವತ್ತನಾಲ್ಕು. ಆದ್ದರಿಂದ ಅದು ೧೧೪೪ನೆಯ ಮನೆಯಲ್ಲಿ. ಒಂದು ಗುಣಾಕಾರ, ಒಂದು ಸಂಕಲನ, ಹುಡುಕಾಟವೇ ಇಲ್ಲ. ಆದರೆ ಈ ಸೌಕರ್ಯಕ್ಕೆ ಒಂದು ಬೆಲೆಯೂ ಉಂಟು. ಸಾಲಿನ ಉದ್ದವನ್ನು ಮೊದಲೇ ಗೊತ್ತುಮಾಡಬೇಕು. ಅದರ ಮುಂದಿನ ಮನೆಗೆ ಬೇರೆ ಯಾರೋ ಬಂದು ನೆಲಸಿರುತ್ತಾರೆ. ನಮಗೆ ಸ್ಥಳ ಸಾಲದಾಯಿತೆಂದು ಅವರನ್ನು ಏಳಿಸುವಂತಿಲ್ಲ.

ಪ್ರೋಗ್ರಾಮು ಬರೆಯುವ ಭಾಷೆಗಳ ಬಾಲ್ಯದಲ್ಲಿ ಇದೇ ಕಟ್ಟಳೆಯಾಗಿತ್ತು. ೧೯೫೭ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ, ಸಾಲು ಎಷ್ಟು ಉದ್ದವೆಂಬುದನ್ನು ಪ್ರೋಗ್ರಾಮಿನಲ್ಲಿಯೇ ಅಂಕಿಯಾಗಿ ಬರೆದುಬಿಡಬೇಕಾಗಿತ್ತು. ಕೆಲಸ ನಡೆಯುವಾಗ ಬೇಕಾದಷ್ಟು ಸ್ಥಳವನ್ನು ಕೇಳಿ ಪಡೆಯುವ ಸೌಲಭ್ಯ ಆ ಭಾಷೆಯ ಪ್ರಮಾಣಗ್ರಂಥಕ್ಕೆ ಸೇರಿದ್ದು ಫೋರ್ಟ್ರಾನ್ ೯೦ ಎಂಬ ಆವೃತ್ತಿಯಲ್ಲಿ.

ಇನ್ನು ಫೈಲಿನ ವಿಚಾರ. ಕಚೇರಿಯ ಫೈಲಿಗೆ ನಾವು ಕಡತವೆನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆಗೆ ಇದ್ದಿಲ ಪುಡಿಯನ್ನೂ ಹುಣಿಸೆಬೀಜದ ಸರಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಮಡಿಸಿಟ್ಟ ಕಡತವನ್ನು ಹೊರಗಿನಿಂದ ನೋಡಿದರೆ ಅದರ ದಪ್ಪ ತಿಳಿಯುತ್ತದೆಯೇ ಹೊರತು ಒಳಗೆ ಎಷ್ಟು ಲೆಕ್ಕ ಬರೆದಿದೆಯೆಂಬುದು ತಿಳಿಯುವುದಿಲ್ಲ. ಕಂಪ್ಯೂಟರಿನ ಫೈಲೂ ಹಾಗೆಯೇ. ಅದರಲ್ಲಿ ಒಟ್ಟು ಎಷ್ಟು ಬೈಟುಗಳಿವೆಯೆಂದು ಯಂತ್ರ ಹೇಳಬಲ್ಲದು. ಎಷ್ಟು ಸಾಲುಗಳಿವೆ, ಎಷ್ಟು ಹೆಸರುಗಳಿವೆ ಎಂದು ಓದದೆ ಹೇಳಲಾರದು. ಒಂದು ಸಾಲು ಗಿಡ್ಡ, ಮತ್ತೊಂದು ಉದ್ದ.

ಕನ್ನಡದ ಬರೆವಣಿಗೆಯಲ್ಲಂತೂ ಬೈಟಿಗೂ ಅಕ್ಷರಕ್ಕೂ ನೇರವಾದ ಹೊಂದಿಕೆಯೇ ಇಲ್ಲ. 'ಕನ್ನಡ' ಎಂಬ ಪದವನ್ನು ತೆಗೆದುಕೊಳ್ಳಿ. ಛಂದಸ್ಸು ಓದಿದವರಿಗೆ ಅದು ಮೂರು ಅಕ್ಷರ. ಯುನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಕ, ನ, ಒತ್ತಕ್ಷರವನ್ನು ಕೂಡಿಸುವ ಹಲಂತ ಚಿಹ್ನೆ, ಮತ್ತೆ ನ, ಆಮೇಲೆ ಡ, ಹೀಗೆ ಐದು ಸಂಕೇತಗಳು. ಇಂದು ಬಹು ಬಳಕೆಯಲ್ಲಿರುವ ಯುಟಿಎಫ್-೮ ಎಂಬ ಬಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕಾಗುವುದರಿಂದ, ಫೈಲಿನಲ್ಲಿ ಆ ಪದ ಹಿಡಿಯುವುದು ಹದಿನೈದು ಬೈಟು. ಮೂರು, ಐದು, ಹದಿನೈದು: ಒಂದೇ ಪದಕ್ಕೆ ಮೂರು ಲೆಕ್ಕ! ಬೈಟನ್ನು ಎಣಿಸಿ ಹೆಸರಿನ ಸಂಖ್ಯೆಯನ್ನು ಊಹಿಸಲು ಹೋಗುವವರ ಪಾಡು ಏನಾದೀತೆಂಬುದನ್ನು ನೀವೇ ಯೋಚಿಸಿ.

ಮೊದಲು ಒಂದು ಸಲ ಫೈಲನ್ನು ಓದಿ ಸಾಲುಗಳನ್ನು ಎಣಿಸಿ, ಅಷ್ಟು ಸ್ಥಳವನ್ನು ಮಾಡಿ, ಎರಡನೆಯ ಸಲ ಓದಿದರೆ ಆಗದೆ ಎಂದು ನೀವು ಕೇಳಬಹುದು. ಆಗುತ್ತದೆ, ಹಾಗೆ ಮಾಡುವವರೂ ಇದ್ದಾರೆ. ಆದರೆ ಒಂದೇ ಕೆಲಸಕ್ಕೆ ಎರಡು ಓದು; ಮೊದಲನೆಯ ಓದಿಗೂ ಎರಡನೆಯ ಓದಿಗೂ ನಡುವೆ ಯಾರಾದರೂ ಒಂದು ಸಾಲನ್ನು ಸೇರಿಸಿಬಿಟ್ಟರೆ ಎಣಿಕೆ ಸುಳ್ಳಾಗುತ್ತದೆ. ಕೀಲಿಮಣೆಯಿಂದಲೋ ದೂರದ ಇನ್ನೊಂದು ಯಂತ್ರದಿಂದಲೋ ಹರಿದು ಬರುವ ಮಾತನ್ನಂತೂ ಹಿಂದಕ್ಕೆ ತಿರುಗಿಸಿ ಮತ್ತೆ ಓದುವಂತೆಯೇ ಇಲ್ಲ. ಒಮ್ಮೆ ಪ್ರಸಾರವಾದ ವಾರ್ತೆಯನ್ನು ರೇಡಿಯೋವನ್ನು ತಿರುಗಿಸಿ ಮತ್ತೆ ಕೇಳಲು ಹೊರಟಂತೆ.

ಮತ್ತೊಂದು ಉಪಾಯ, ಮೊದಲೇ ಧಾರಾಳವಾಗಿ ಒಂದು ಲಕ್ಷ ಹೆಸರಿಗೆ ಸ್ಥಳ ಮಾಡಿಬಿಡುವುದು. ಅರವತ್ತು ಮಕ್ಕಳಿಗೆ ಇದು ದಂಡ. ಹೆಸರುಗಳು ಒಂದು ಲಕ್ಷದ ಒಂದು ಆದ ದಿನ ಮತ್ತೆ ಅದೇ ಗೋಳು. ದೊಡ್ಡ ಊಹೆಯೂ ಊಹೆಯೇ.

ನನ್ನ ಪ್ರೋಗ್ರಾಮು ಅರವತ್ತಕ್ಕೆ ನಿಂತದ್ದು ಒಂದು ಬಗೆಯಿಂದ ಅದೃಷ್ಟವೇ. ನಿಲ್ಲಿಸುವ ಮಾತನ್ನು ಬರೆಯದಿದ್ದರೆ ಏನಾಗುತ್ತಿತ್ತು? ಸಿ ಎಂಬ ಪ್ರಸಿದ್ಧ ಭಾಷೆಯಲ್ಲಿ ಸಾಲು ತುಂಬಿದರೂ ಯಂತ್ರ ತಾನಾಗಿ ತಡೆಯುವುದಿಲ್ಲ. ಅರವತ್ತೊಂದನೆಯ ಹೆಸರನ್ನು ಪಕ್ಕದ ಮನೆಯವರ ಗೋಡೆಯ ಮೇಲೆಯೇ ಬರೆದುಬಿಡಬಹುದು. ಇದರಿಂದ ಎಷ್ಟು ದೊಡ್ಡ ಅನರ್ಥವಾಗಬಲ್ಲದೆಂಬುದು ೧೯೮೮ರ ನವೆಂಬರ್ ೨ರಂದು ಲೋಕಕ್ಕೆ ತಿಳಿಯಿತು. ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ ಪ್ರೋಗ್ರಾಮೊಂದು, ಇಂಟರ್‌ನೆಟ್ಟಿಗೆ ಸೇರಿದ್ದ ಯಂತ್ರದಿಂದ ಯಂತ್ರಕ್ಕೆ ತನ್ನಷ್ಟಕ್ಕೆ ಹರಡಿತು. ಆಗಿನ ಅಂದಾಜಿನಂತೆ ಸುಮಾರು ೬,೦೦೦ ಯಂತ್ರಗಳು ಅದರ ಪೀಡೆಗೆ ಸಿಕ್ಕಿದುವು. ಅದು ಒಳನುಗ್ಗಲು ಹಿಡಿದ ದಾರಿಗಳಲ್ಲಿ ಒಂದು ಯಾವುದೆನ್ನುತ್ತೀರಿ? ಹೊರಗಿನಿಂದ ಬರುವ ಒಂದು ಸಾಲನ್ನು ಓದಿಕೊಳ್ಳಲು ೫೧೨ ಬೈಟುಗಳ ಸ್ಥಳವನ್ನು ಮಾತ್ರ ಇಟ್ಟುಕೊಂಡಿದ್ದ ಒಂದು ಪ್ರೋಗ್ರಾಮು. ಅದಕ್ಕೆ ೫೩೬ ಬೈಟುಗಳನ್ನು ಕಳುಹಿಸಲಾಯಿತು. ಹೆಚ್ಚಾದ ೨೪ ಬೈಟುಗಳು ದಡಮೀರಿ ಹರಿದು, ಮುಂದೆ ಏನು ಮಾಡಬೇಕೆಂಬ ಆಜ್ಞೆ ಇರುವ ಜಾಗವನ್ನೇ ಅಳಿಸಿ ತಿದ್ದಿದುವು. ಅಂದು ಬಳಕೆಯಾಗಿದ್ದ, ಮಿತಿಯನ್ನೇ ಕೇಳದೆ ಓದುವ 'ಗೆಟ್ಸ್' ಎಂಬ ಆಜ್ಞೆಯನ್ನು ಸಿ ಭಾಷೆಯ ಪ್ರಮಾಣಗ್ರಂಥದಿಂದ ತೆಗೆದುಹಾಕಿದ್ದು ೨೦೧೧ರಲ್ಲಿ.

ಹೀಗೆ ಚಿಕ್ಕ ಪಾತ್ರೆಯಿಂದ ಹಾನಿ, ದೊಡ್ಡ ಪಾತ್ರೆಯಿಂದ ದಂಡ. ಬೇಕಾದದ್ದು ಬಂದಂತೆ ಬೆಳೆಯುವ ಪಾತ್ರೆ.

ಅಂತಹ ಪಾತ್ರೆಗಳು ಇಂದು ಬಹುಪಾಲು ಎಲ್ಲ ಭಾಷೆಗಳಲ್ಲಿಯೂ ಸಿದ್ಧವಾಗಿ ದೊರೆಯುತ್ತವೆ. ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೭೯ರಲ್ಲಿ ಮೊದಲುಮಾಡಿದ ಕೆಲಸ ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಾಗಿ ಬೆಳೆಯಿತು. ಅಲೆಕ್ಸಾಂಡರ್ ಸ್ಟೆಪನೋವ್ ಅವರು ಮೆಂಗ್ ಲೀ ಅವರೊಡನೆ ಸೇರಿ ಸಿದ್ಧಪಡಿಸಿದ ಸಾಮಗ್ರಿಕೋಶವನ್ನು ೧೯೯೪ರಲ್ಲಿ ಆ ಭಾಷೆಗೆ ಸೇರಿಸಿಕೊಳ್ಳಲು ಒಪ್ಪಲಾಯಿತು. ೧೯೯೮ರ ಪ್ರಮಾಣಗ್ರಂಥದಲ್ಲಿ ಅದು ನೆಲೆನಿಂತಿತು. ಅದರಲ್ಲಿರುವ ಬೆಳೆಯುವ ಸಾಲಿಗೆ ವೆಕ್ಟರ್ ಎಂದು ಹೆಸರು. ಪೈಥಾನ್ ಭಾಷೆಯ ಲಿಸ್ಟ್, ಜಾವಾ ಭಾಷೆಯ ಅರೇಲಿಸ್ಟ್ ಇದರ ದಾಯಾದಿಗಳು.

ವೆಕ್ಟರ್ ಬೆಳೆಯುವ ಬಗೆ ಸ್ವಾರಸ್ಯವಾಗಿದೆ. ಪಕ್ಕದ ಮನೆಯವರನ್ನು ಏಳಿಸುವಂತಿಲ್ಲವೆಂದು ಹೇಳಿದೆನಷ್ಟೆ. ಆದ್ದರಿಂದ ಇರುವ ಸಾಲು ತುಂಬಿದಾಗ, ಬೀದಿಯ ಬೇರೊಂದು ಕಡೆ ಇನ್ನೂ ಉದ್ದವಾದ ಖಾಲಿ ಸಾಲನ್ನು ಹಿಡಿದು, ಹಳೆಯ ಸಾಮಾನನ್ನೆಲ್ಲ ಅಲ್ಲಿಗೆ ಸಾಗಿಸಿ, ಹಳೆಯ ಸಾಲನ್ನು ಬಿಟ್ಟುಕೊಡುತ್ತದೆ. ಸಂಸಾರ ಬೆಳೆದಾಗ ನಾವು ದೊಡ್ಡ ಬಾಡಿಗೆ ಮನೆಗೆ ಹೋಗುವುದಿಲ್ಲವೆ, ಹಾಗೆ. ಈಗ ಪ್ರಶ್ನೆ: ಹೊಸ ಮನೆ ಎಷ್ಟು ದೊಡ್ಡದಾಗಿರಬೇಕು?

ಒಬ್ಬೊಬ್ಬರು ಬಂದಾಗಲೂ ಒಂದೊಂದೇ ಸ್ಥಳ ಹೆಚ್ಚಿಸುತ್ತ ಹೋದರೆ, ಪ್ರತಿ ಸಲವೂ ಹಿಂದಿನವರನ್ನೆಲ್ಲ ಹೊರಡಿಸಬೇಕು. ಸಾವಿರ ಹೆಸರು ಸೇರುವಷ್ಟರಲ್ಲಿ ಒಟ್ಟು ಸಾಗಾಟ ಸೊನ್ನೆ, ಒಂದು, ಎರಡು ಎಂದು ಒಂಬೈನೂರ ತೊಂಬತ್ತೊಂಬತ್ತರವರೆಗೆ ಕೂಡಿದಷ್ಟು, ಎಂದರೆ ೪,೯೯,೫೦೦. ಪ್ರತಿ ಸಲವೂ ಹತ್ತು ಸ್ಥಳ ಹೆಚ್ಚಿಸಿದರೆ ಅದು ೪೯,೫೦೦ಕ್ಕೆ ಇಳಿಯುತ್ತದೆ. ಪರವಾಗಿಲ್ಲವೆನ್ನುವಿರಾ? ಹೆಸರುಗಳು ಹತ್ತು ಸಾವಿರವಾದರೆ ಇದೇ ಲೆಕ್ಕ ೪೯,೯೫,೦೦೦ಕ್ಕೆ ಏರುತ್ತದೆ. ಹೆಸರು ಹತ್ತರಷ್ಟಾದರೆ ಸಾಗಾಟ ನೂರರಷ್ಟಾಯಿತು.

ಈಗ ಬೇರೊಂದು ಕ್ರಮವನ್ನು ಹಿಡಿಯೋಣ. ತುಂಬಿದಾಗಲೆಲ್ಲ ಇದ್ದುದರ ಎರಡರಷ್ಟು ಮಾಡೋಣ. ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ಹೆಚ್ಚಿಸುತ್ತ ಹೋದರೆ ೧೦೨೪ಕ್ಕೆ ಬರುವ ಹೊತ್ತಿಗೆ ಸಾವಿರ ಹೆಸರಿಗೆ ಸ್ಥಳವಾಗುತ್ತದೆ. ಆವರೆಗಿನ ಸಾಗಾಟ ಒಂದು, ಎರಡು, ನಾಲ್ಕು ಎಂದು ಐನೂರ ಹನ್ನೆರಡರವರೆಗೆ ಕೂಡಿದಷ್ಟು. ಎಂದರೆ ಕೇವಲ ೧,೦೨೩. ಹತ್ತು ಸಾವಿರ ಹೆಸರಿಗೆ ಅದು ೧೬,೩೮೩. ಎಷ್ಟೇ ಹೆಸರು ಬರಲಿ, ಒಂದೊಂದು ಹೆಸರಿಗೆ ಸರಾಸರಿ ಎರಡು ಸಾಗಾಟಕ್ಕಿಂತ ಕಡಿಮೆಯೇ. ಯಾವುದೋ ಒಂದು ಹೆಸರು ಬಂದಾಗ ಮನೆಯನ್ನೆಲ್ಲ ಹೊರಡಿಸಬೇಕಾಗುವುದು ನಿಜ. ಆದರೆ ಆ ಶ್ರಮ ಅದರ ಹಿಂದೆ ಮುಂದೆ ಸುಲಭವಾಗಿ ಬಂದು ಸೇರಿದ ನೂರಾರು ಹೆಸರುಗಳ ಮೇಲೆ ಹಂಚಿಹೋಗುತ್ತದೆ. ಕೂಡುವುದಕ್ಕೂ ಗುಣಿಸುವುದಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಎರಡರಷ್ಟೇ ಆಗಬೇಕೆಂಬ ಶಾಸ್ತ್ರವೇನೂ ಇಲ್ಲ. ಜಿಸಿಸಿ ಎಂಬ ಅನುವಾದಕದೊಡನೆ ಬರುವ ವೆಕ್ಟರ್ ಎರಡರಷ್ಟಾಗುತ್ತದೆ, ಮೈಕ್ರೋಸಾಫ್ಟಿನದು ಒಂದೂವರೆಯಷ್ಟು, ಬಹುವಾಗಿ ಬಳಕೆಯಲ್ಲಿರುವ ಪೈಥಾನಿನ ಲಿಸ್ಟು ಸುಮಾರು ಎಂಟರಲ್ಲೊಂದು ಭಾಗವನ್ನು ಹೆಚ್ಚಾಗಿ ಇಟ್ಟುಕೊಳ್ಳುತ್ತದೆ. ಸ್ಥಳವನ್ನು ಉಳಿಸಬೇಕೆಂದರೆ ಸಾಗಾಟ ಹೆಚ್ಚು, ಸಾಗಾಟವನ್ನು ಉಳಿಸಬೇಕೆಂದರೆ ಖಾಲಿ ಸ್ಥಳ ಹೆಚ್ಚು. ಗುಣಿಸಿ ಬೆಳೆಯುವುದೊಂದೇ ಎಲ್ಲಕ್ಕೂ ಸಾಮಾನ್ಯವಾದ ಗುಟ್ಟು. ಎಷ್ಟು ಹೆಸರು ಬರಬಹುದೆಂಬ ಅಂದಾಜು ನಮಗೆ ಮೊದಲೇ ಇದ್ದರೆ ಅಷ್ಟು ಸ್ಥಳವನ್ನು ಕಾದಿರಿಸಲು ಹೇಳಲೂಬಹುದು. ಅಂದಾಜು ತಪ್ಪಿದರೂ ಕೆಡುಕಿಲ್ಲ; ಪಾತ್ರೆ ಬೆಳೆಯುತ್ತದೆ.

ಪಾತ್ರೆ ಸಿಕ್ಕಿತೆಂದು ನಿಶ್ಚಿಂತರಾಗುವಂತಿಲ್ಲ. ಹೊಸಬರು ಎಡವುವ ಜಾಗಗಳು ಮೂರು ಇವೆ. ಮೂರರಲ್ಲಿಯೂ ನಾನು ಎಡವಿದವನೇ.

ಮೊದಲನೆಯದು: ಖಾಲಿ ವೆಕ್ಟರಿಗೆ ಮೊದಲನೆಯ ಸ್ಥಳವೂ ಇರುವುದಿಲ್ಲ. 'ಮೊದಲನೆಯ ಮನೆಯಲ್ಲಿ ಈ ಹೆಸರನ್ನು ಬರೆ' ಎಂದು ನೇರವಾಗಿ ಹೇಳಿದರೆ ಇಲ್ಲದ ಮನೆಯ ಬಾಗಿಲನ್ನು ತಟ್ಟಿದಂತೆ. ಪರಿಣಾಮ ಏನಾದರೂ ಆಗಬಹುದು. 'ಕೊನೆಗೆ ಸೇರಿಸು' ಎಂದು ಹೇಳಬೇಕು. ಸಿ ಪ್ಲಸ್ ಪ್ಲಸ್‌ನಲ್ಲಿ ಆ ಆಜ್ಞೆಗೆ ಪುಷ್‌ಬ್ಯಾಕ್ ಎಂದೂ ಪೈಥಾನಿನಲ್ಲಿ ಅಪೆಂಡ್ ಎಂದೂ ಹೆಸರು. ಸ್ಥಳವನ್ನು ಮಾಡಿಕೊಳ್ಳುವುದು ಆ ಆಜ್ಞೆಯ ಹೊಣೆ.

ಎರಡನೆಯದು: ಮುಗಿಯಿತೆಂಬುದನ್ನು ತಿಳಿಯುವ ಬಗೆ. ಓಲೆಗರಿಯ ಕಟ್ಟನ್ನು ಓದುವವನಿಗೆ ಕಟ್ಟು ಮುಗಿದದ್ದು ತಿಳಿಯುವುದು ಯಾವಾಗ? ಮುಂದಿನ ಗರಿಗೆ ಕೈಚಾಚಿ, ಅದು ಸಿಕ್ಕದೆ ಹೋದಾಗ. ಫೈಲನ್ನು ಓದುವ ಯಂತ್ರಕ್ಕೂ ಸಾಮಾನ್ಯವಾಗಿ ಹಾಗೆಯೇ. ಹೊಸಬರು 'ಫೈಲು ಮುಗಿಯಿತೇ? ಇಲ್ಲವಾದರೆ ಓದು, ಸೇರಿಸು' ಎಂದು ಬರೆಯುತ್ತಾರೆ. ಕೊನೆಯ ಹೆಸರನ್ನು ಓದಿದ ಮೇಲೂ ಯಂತ್ರಕ್ಕೆ ಮುಗಿದದ್ದು ತಿಳಿದಿರದಿದ್ದರೆ, ಮತ್ತೊಮ್ಮೆ ಓದಲು ಹೋಗಿ, ಏನೂ ಸಿಕ್ಕದೆ, ಸಿಕ್ಕಿತೋ ಇಲ್ಲವೋ ಎಂದು ನೋಡದೆ ಸೇರಿಸಿಬಿಡುತ್ತದೆ. ಓದುವ ಬಗೆಯನ್ನು ಅನುಸರಿಸಿ, ಕೊನೆಯ ಅಂಕ ಎರಡು ಸಲ ಸೇರುತ್ತದೆ, ಇಲ್ಲವೇ ಖಾಲಿ ಹೆಸರೊಂದು ಪಟ್ಟಿಯಲ್ಲಿ ಬಂದು ಕೂಡುತ್ತದೆ. 'ಓದಲು ಯತ್ನಿಸು, ಸಿಕ್ಕಿದರೆ ಮಾತ್ರ ಸೇರಿಸು, ಸಿಕ್ಕದಿದ್ದರೆ ನಿಲ್ಲಿಸು' ಎಂಬುದೇ ಸರಿಯಾದ ಕ್ರಮ. ನಿಂತ ಮೇಲೆ ಇನ್ನೊಂದು ಮಾತನ್ನು ಕೇಳಬೇಕು: ನಿಂತದ್ದು ಫೈಲು ಮುಗಿದುದರಿಂದಲೋ, ಅಡ್ಡಿ ಬಂದುದರಿಂದಲೋ? ಅಂಕವಿರಬೇಕಾದ ಕಡೆ ಯಾರೋ 'ಗೈರು' ಎಂದು ಬರೆದಿದ್ದರೆ ಸಂಖ್ಯೆಯನ್ನು ಹುಡುಕುವ ಯಂತ್ರ ಅಲ್ಲಿಯೇ ನಿಂತುಬಿಡುತ್ತದೆ. ಒಬ್ಬ ಮಗು ಪರೀಕ್ಷೆಗೆ ಬಾರದ್ದಕ್ಕೆ ಅದರ ಕೆಳಗಿನವರೆಲ್ಲ ಪಟ್ಟಿಯಿಂದ ಹೊರಗಾಗುತ್ತಾರೆ!

ಮೂರನೆಯದು: ಹಳೆಯ ವಿಳಾಸವನ್ನು ನಂಬುವುದು. ವೆಕ್ಟರ್ ಮನೆ ಬದಲಾಯಿಸುತ್ತದೆಂದು ಹೇಳಿದೆ. ಐದನೆಯ ಹೆಸರು ಬೀದಿಯ ಇಂಥ ನಂಬರಿನಲ್ಲಿದೆಯೆಂದು ಮೊದಲೇ ಗುರುತುಹಾಕಿಕೊಂಡಿದ್ದು, ಸಾಲು ಬೆಳೆದ ಮೇಲೂ ಅಲ್ಲಿಗೇ ಹೋದರೆ, ಅಲ್ಲಿ ಯಾರಿರುತ್ತಾರೆಂದು ಹೇಳಬರುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದದ್ದು ಮನೆಯ ನಂಬರನ್ನಲ್ಲ. ಸಾಲಿನಲ್ಲಿ ಅದು ಎಷ್ಟನೆಯದೆಂಬುದನ್ನು. ಮನೆ ಬದಲಾದರೂ ಐದನೆಯದು ಐದನೆಯದೇ.

ಇಷ್ಟೆಲ್ಲ ಹೇಳಿದ ಮೇಲೆ ಬೆಳೆಯುವ ಪಾತ್ರೆಗೂ ಮಿತಿಯುಂಟೆಂಬುದನ್ನು ಮರೆಯಬಾರದು. ಮೆಮೊರಿಯೆಂಬುದು ಅಕ್ಷಯಪಾತ್ರೆಯಲ್ಲ. ಮನೆ ಬದಲಾಯಿಸುವ ಗಳಿಗೆಯಲ್ಲಂತೂ ಹಳೆಯದು ಹೊಸದು ಎರಡಕ್ಕೂ ಸ್ಥಳ ಬೇಕು. ಕೇವಲ ಸರಾಸರಿ ಅಂಕ ಬೇಕಾಗಿದ್ದರೆ ಎಲ್ಲವನ್ನೂ ಶೇಖರಿಸುವ ಅಗತ್ಯವೇ ಇಲ್ಲ. ಒಂದೊಂದೇ ಸಾಲನ್ನು ಓದಿ, ಮೊತ್ತಕ್ಕೆ ಕೂಡಿ, ಎಣಿಕೆಯನ್ನು ಒಂದು ಹೆಚ್ಚಿಸಿ, ಆ ಸಾಲನ್ನು ಬಿಟ್ಟು ಮುಂದೆ ಹೋಗಬಹುದು. ಫೈಲು ಎಷ್ಟೇ ದೊಡ್ಡದಾದರೂ ಆಗ ಬೇಕಾಗುವ ಸ್ಥಳ ಅಂಗೈಯಷ್ಟು. ಗುರುತು ಪರಿಚಯವಿಲ್ಲದ ಕಡೆಯಿಂದ ಬರುವ ಮಾತನ್ನು ಓದುವಾಗಲಾದರೋ, ಇಷ್ಟಕ್ಕಿಂತ ಹೆಚ್ಚು ಬಂದರೆ ಒಲ್ಲೆನೆಂದು ಒಂದು ಎಲ್ಲೆಯನ್ನು ಗೊತ್ತುಮಾಡಿರಬೇಕು. ಎಲ್ಲೆ ಮುಟ್ಟಿದಾಗ ಅದನ್ನು ಗಟ್ಟಿಯಾಗಿ ಹೇಳಬೇಕು. ಎಲ್ಲೆಯಿರುವುದು ತಪ್ಪಲ್ಲ, ಸದ್ದಿಲ್ಲದೆ ಕೈಬಿಡುವುದು ತಪ್ಪು.

ನನ್ನ ಪ್ರೋಗ್ರಾಮನ್ನು ಈಗ ತಿದ್ದಿ ಬರೆದಿದ್ದೇನೆ. ಅದರಲ್ಲಿ ಅರವತ್ತು ಎಂಬ ಅಂಕಿ ಎಲ್ಲಿಯೂ ಇಲ್ಲ. ಓದಿ ಮುಗಿದ ಕೂಡಲೆ, ಎಷ್ಟು ಹೆಸರು ಸಿಕ್ಕಿತೆಂದು ಅದು ತಾನಾಗಿಯೇ ಹೇಳುತ್ತದೆ. ನಾನು ಹಾಜರಿ ಪುಸ್ತಕವನ್ನು ತೆರೆದು ತಾಳೆ ನೋಡುತ್ತೇನೆ. ತಿದ್ದಿದ ಪ್ರೋಗ್ರಾಮು ಮೊದಲ ಸಲ '೬೧' ಎಂದಾಗ ನನಗಾದ ಸಮಾಧಾನ ಸಣ್ಣದಲ್ಲ. ಅಂದು ತಿದ್ದುವಷ್ಟು ಸಮಯವಿರಲಿಲ್ಲ; ಆ ಹುಡುಗಿಯ ಹೆಸರನ್ನು ಪಟ್ಟಿಯ ಕೆಳಗೆ ಪೆನ್ನಿನಿಂದ ಬರೆದು, ಪಕ್ಕದಲ್ಲಿ ರುಜು ಹಾಕಿ ಕಳುಹಿಸಿದೆ. ಅರ್ಜಿ ಸ್ವೀಕೃತವಾಯಿತು.

ಎಷ್ಟು ಮಂದಿ ಇದ್ದಾರೆಂಬುದನ್ನು ಬಂದವರಿಂದ ತಿಳಿಯಬೇಕೇ ಹೊರತು ನಮ್ಮ ಊಹೆಯಿಂದ ಗೊತ್ತುಮಾಡಬಾರದು. ಪ್ರೋಗ್ರಾಮು ಬರೆಯುವ ನಿಮ್ಮ ಮನೆಯ ಹುಡುಗರನ್ನು ಒಮ್ಮೆ ಕೇಳಿನೋಡಿ: "ಅಪ್ಪಾ, ನೀನು ಹಾಕಿದ್ದಕ್ಕಿಂತ ಒಂದು ಎಲೆ ಹೆಚ್ಚಿಗೆ ಬೇಕಾದರೆ ಏನು ಮಾಡುತ್ತೀಯೆ?"